ಮೂರು ಬೆರಳಿನ ಸಂದು

ನನಗೆ ಯಾರ ಮಾತಿನ ಮೇಲೂ ತಟ್ಟನೆ ನಂಬಿಕೆ ಹುಟ್ಟುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರವರು ಬಾಯಲ್ಲಿ ಹೇಳುತ್ತಾರೆ; ನಾನು ಲೋಟ ಬಗ್ಗಿಸಿ, ಮೂಸಿ ನೋಡಿ, ಆಮೇಲೆ ಮಾತಾಡುತ್ತೇನೆ. ನನ್ನ ಗಂಡ ಬದುಕಿದ್ದಾಗ, "ಕಾಳವ್ವಾ, ದೇವ್ರು ಪ್ರತ್ಯಕ್ಷ ಆದ್ರೂ ನೀ ಮೊದಲ ಅವನ ಮನಿ ಬಾಗ್ಲ ತಳ್ಳಿ ನೋಡಿ, ಆಮ್ಯಾಲೆ ಕೈ ಮುಗಿಯಾಕಿ" ಎಂದು ನಗುತ್ತಿದ್ದ. ಅವನು ಬಡಿಗ. ಮೂವತ್ತೆಂಟಕ್ಕೆ ಕೆಮ್ಮಿ ಕೆಮ್ಮಿ ಹೋದ. ಅವನ ತೋಪಡ, ಉಳಿ, ಗರಗಸ ನನ್ನ ಕೈಗೆ ಬಂದವು. ಹೆಂಗಸು ಮರ ಹೆರೆಯುವುದೇ ಎಂದು ಮೊದಲ ವರ್ಷ ಮೂಗು ಮುರಿದವರು ಎರಡನೇ ವರ್ಷ ತಾವೇ ಹೇಳಿಕಳಿಸಿದರು. ಬಾಗಿಲು ಬಿಗಿಯಾದಾಗ ಬಡಿಗನಿಗೆ ಮೀಸೆ ಇದೆಯೋ ಇಲ್ಲವೋ ಎಂದು ನೋಡುತ್ತಾ ಕೂರಲು ಯಾರಿಗೂ ಪುರಸೊತ್ತಿರುವುದಿಲ್ಲ.

ನಮ್ಮೂರಲ್ಲಿ ಬಾಗಿಲು ಬಿಗಿಯಾಗುವುದು ಮಳೆಗಾಲದ ತೇವಕ್ಕಲ್ಲ. ಮನೆಯಲ್ಲಿ ಮಲಗಿ ಏಳುವವರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಆ ಮನೆಯ ತಲೆಬಾಗಿಲು ಉಬ್ಬುತ್ತದೆ. ನೆಗಡಿಗೆ ಕೂದಲೆಳೆಯಷ್ಟು, ಚಳಿಜ್ವರಕ್ಕೆ ಅಕ್ಕಿಕಾಳಿನಷ್ಟು, ಬಿಡದ ಕೆಮ್ಮಿಗೆ ವಾರವಾರವೂ ಒಂದಿಷ್ಟು. ಗುಣವಾದರೆ ಕುಗ್ಗುತ್ತದೆ. ಸತ್ತರೂ ಕುಗ್ಗುತ್ತದೆ. ಹಾಗಾಗಿ ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖ ನೋಡುವ ಮೊದಲು ಬಾಗಿಲು ತಳ್ಳುತ್ತಾರೆ. ಮನೆಗೆಲಸಕ್ಕೆ ಆಳು ಬೇಕಾದವರು ಆಳಿನ ಮನೆಗೆ ಯಾರನ್ನಾದರೂ ಕಳಿಸಿ ಬಾಗಿಲು ತಳ್ಳಿಸುತ್ತಾರೆ. ತಿಂಗಳಿಗೊಮ್ಮೆ ಪುರಸಭೆಯ ಗುಮಾಸ್ತ ಎರಡು ಬೆರಳಿನಿಂದ ಒಂದೊಂದೇ ಬಾಗಿಲನ್ನು ದೂಡುತ್ತಾ ಬರುತ್ತಾನೆ. ಅಲುಗದಿದ್ದರೆ ಅದರ ಮೇಲೆ ಕೆಂಪು ಗೀಟು ಎಳೆದು ಮುಂದಕ್ಕೆ ಹೋಗುತ್ತಾನೆ. ಗೀಟು ಬಿದ್ದ ಮನೆಯವರಿಗೆ ಅದು ಮಾಸುವವರೆಗೆ ಯಾರೂ ಕೆಲಸ ಕೊಡುವುದಿಲ್ಲ.

ಊರು ಗುಡ್ಡದ ಮೈಮೇಲಿದೆ. ನೂರಾ ಹನ್ನೆರಡು ಮೆಟ್ಟಿಲು ಹತ್ತಿದರೆ ಮೇಲಿನ ಓಣಿ, ಇಳಿದರೆ ನಮ್ಮ ಕೆಳಗಿನ ಓಣಿ. ಕೆಳಗಿನ ಓಣಿಯ ಬಹಳ ಮನೆಗಳಲ್ಲಿ ಈಗ ಬಾಗಿಲೇ ಇಲ್ಲ. ಕಿತ್ತು ಒಲೆಗೆ ಹಾಕಿ ಗೋಣಿತಟ್ಟು ಇಳಿಬಿಟ್ಟಿದ್ದಾರೆ. ಗೋಣಿತಟ್ಟನ್ನು ದೂಡಿ ಗುಮಾಸ್ತ ಏನು ಕಂಡುಹಿಡಿದಾನು? ಚಳಿಗಾಳಿ ನುಗ್ಗಿದರೆ ನುಗ್ಗಲಿ, ಕೆಲಸ ಉಳಿಯಿತಲ್ಲ ಎನ್ನುತ್ತಾರೆ. ಮೇಲಿನ ಓಣಿಯವರು ನನ್ನನ್ನು ಕರೆಸುತ್ತಾರೆ. ಉಬ್ಬಿದಷ್ಟನ್ನು ನಾನು ತೋಪಡದಿಂದ ಹೆರೆದು, ಎಣ್ಣೆ ಸವರಿ, ಸಿಪ್ಪೆ ಗುಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿನಿಂದ ಹೊರಬೀಳುತ್ತೇನೆ. ಹೀಗಾಗಿ ಪುರಸಭೆಯ ಕಾಗದದಲ್ಲಿ ಊರಿಗೆ ಊರೇ ಗಟ್ಟಿಮುಟ್ಟಾಗಿದೆ. ಮೆಟ್ಟಿಲುಗಳ ನಡುವೆ ಒಂದು ದವಾಖಾನೆ ಇದೆ. ಅಲ್ಲಿ ನರ್ಸ್ ರಾಹೇಲಬಾಯಿ ನೊಣ ಹೊಡೆಯುತ್ತಾ ಕೂತಿರುತ್ತಾಳೆ. ಹೋದದ್ದನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆಯಿಂದ ಅಲ್ಲಿಗೆ ಯಾರೂ ಹೋಗುವುದಿಲ್ಲ.

ಮೇಲಿನ ಓಣಿಯಲ್ಲಿ ಎಂಬತ್ತು ದಾಟಿದ ಅಜ್ಜಂದಿರು ಕಟ್ಟೆಯ ಮೇಲೆ ಕೂತು ಅವಲಕ್ಕಿ ಮೆಲ್ಲುತ್ತಾರೆ. ಕೆಳಗಿನ ಓಣಿಯಲ್ಲಿ ಮೊಮ್ಮಕ್ಕಳ ಮದುವೆ ಕಂಡವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು. ಇದನ್ನು ನೋಡಿ ನೋಡಿ ನನಗೊಂದು ವಿಚಾರ ಹೊಳೆಯಿತು. ನನ್ನ ಮಗಳು ಸಾವಂತ್ರಿ ಮೇಲೆ ಇದ್ದರೆ ಮೇಲಿನವರಷ್ಟೇ ಬದುಕುತ್ತಾಳೆ. ಎಲ್ಲದರಲ್ಲೂ ಹುಳುಕು ಹುಡುಕುವ ನಾನು ಇದೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ. ಹದಿನೆಂಟು ತುಂಬಿದ ಕೂಡಲೇ ಅವಳನ್ನು ಗಿರಣಿಯವರ ದೊಡ್ಡ ಮನೆಯಲ್ಲಿ, ಅಲ್ಲೇ ಉಂಡು ಅಲ್ಲೇ ಮಲಗುವ ಕೆಲಸಕ್ಕೆ ಬಿಟ್ಟುಬಂದೆ. ಅವಳು ಅಲ್ಲೇ ಉಳಿಯಬೇಕು, ಅಪ್ಪನ ಹಾಗೆ ಮೂವತ್ತೆಂಟಕ್ಕೆ ಹೋಗಬಾರದು. ಈ ಜನ್ಮದಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ.

ಅವಳು ಸೇರಿದ ನಾಲ್ಕೈದು ತಿಂಗಳಿಗೆ ಗಿರಣಿಯವರ ಬಾಗಿಲು ಉಬ್ಬತೊಡಗಿತು. ಸಾಗವಾನಿಯ ದಪ್ಪ ಬಾಗಿಲು, ಹಿತ್ತಾಳೆಯ ಹೂಗಳನ್ನು ಹೊಡೆದದ್ದು. ಮನೆಯ ಯಜಮಾನಿ ಪ್ರಮೀಳಕ್ಕ ನನ್ನನ್ನು ಕರೆಸಿದಾಗ ಹಿಂದಿನ ದಿನವಷ್ಟೇ ಎಣ್ಣೆ ಕಂಡ ಬಾಗಿಲಿನಂತೆ ಮುಖ ನುಣ್ಣಗೆ ಇಟ್ಟುಕೊಂಡಿದ್ದಳು.

"ಏನಿಲ್ಲ ಕಾಳವ್ವಾ, ಮರ ಹಳೇದಾತು ನೋಡು" ಎಂದಳು.

"ಹೌದ್ರೀ ಅಕ್ಕಾರ, ಮರಕ್ಕೂ ವಯಸ್ಸಾಗತೈತಿ" ಎಂದೆ. ಹಳೆಯ ಮರ ಒಣಗಿ ಸಣ್ಣದಾಗುತ್ತದೆ, ದಪ್ಪಗಾಗುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಮುಂದಿನ ವಾರ ಮತ್ತೆ ಕರೆ ಬಂತು. ಅದರ ಮುಂದಿನ ವಾರವೂ ಬಂತು. ನನ್ನ ತಲೆಯೊಳಗಿನ ಹುಳ ಎದ್ದು ಕೂತಿತು. ಆ ಮನೆಯಲ್ಲಿ ಏಳು ಜನ. ಗಿರಣಿಯ ಯಜಮಾನ, ಪ್ರಮೀಳಕ್ಕ, ಯಜಮಾನನ ಮುದಿ ತಾಯಿ, ಹಿರಿಮಗ, ಅವನ ಹೆಂಡತಿ ಸುಮನಾ, ಅವರ ಆರು ತಿಂಗಳ ಕೂಸು, ಮದುವೆಯ ವಯಸ್ಸಿಗೆ ಬಂದ ಕಿರಿಮಗ. ಏಳರಲ್ಲಿ ಯಾರು? ಬಾಗಿಲು ಹೆರೆಯುತ್ತಲೇ ನಾನು ಒಬ್ಬೊಬ್ಬರನ್ನೂ ಓರೆಗಣ್ಣಿನಿಂದ ಅಳೆದೆ. ಮುದುಕಿ ದಿನಕ್ಕೆರಡು ಸಲ ಹೋಳಿಗೆ ಕೇಳುತ್ತಿದ್ದಳು, ಅವಳಲ್ಲ. ಕಿರಿಮಗನ ಕಣ್ಣು ಕೆಂಪಾಗಿರುತ್ತಿತ್ತು, ಆದರೆ ಅದರ ವಾಸನೆ ಬೇರೆ. ಸೊಸೆ ಸುಮನಾ ಮಾತ್ರ ಯಾವಾಗಲೂ ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಿದ್ದಳು. ಕೆಮ್ಮು ಅದುಮುವವರು ಲವಂಗ ಕಚ್ಚುತ್ತಾರೆ. ಇವಳೇ ಎಂದು ತೀರ್ಮಾನಿಸಿದೆ. ಪ್ರಮೀಳಕ್ಕನಿಗೂ ಅದೇ ಅನುಮಾನ ಬಂದಿತ್ತೇನೋ, ಸೊಸೆಯ ತಟ್ಟೆಲೋಟಗಳನ್ನು ಬೇರೆ ಇಡಿಸಿದ್ದಳು. ಆ ಹುಡುಗಿ ಅಳುತ್ತಾ ತವರಿಗೆ ಕಾಗದ ಬರೆದಳಂತೆ.

ಅವರ ಡಾಕ್ಟರು ಕೈಚೀಲ ಹಿಡಿದು ಹಿತ್ತಲ ಬಾಗಿಲಿನಿಂದ ಬಂದು ಎಲ್ಲರ ಎದೆ ಬೆನ್ನು ನೋಡಿ ಹೋದರು. ನಾನು ಕಂಬದ ಹಿಂದೆ ಉಳಿ ಮಸೆಯುವ ನೆಪದಲ್ಲಿ ನಿಂತು ಕೇಳಿಸಿಕೊಂಡೆ.

"ಏಳೂ ಮಂದಿ ಕಲ್ಲಿನಂಗ ಅದಾರ್ರಿ. ಯಾರಿಗೂ ಏನೂ ಇಲ್ಲ."

"ಹಂಗಾರ ಬಾಗ್ಲ ಯಾಕ ಉಬ್ಬತೈತಿ?" ಪ್ರಮೀಳಕ್ಕ ಕೇಳಿದಳು.

"ನಾ ಮನಷ್ಯಾರ ಡಾಕ್ಟರ್ರಿ, ಬಾಗ್ಲದ್ದಲ್ಲ."

ಡಾಕ್ಟರೂ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ದೊಡ್ಡವರ ಅನ್ನ ಉಂಡವನ ನಾಲಿಗೆ ದೊಡ್ಡವರ ಕಡೆಗೇ ತಿರುಗುತ್ತದೆ. ಎಲ್ಲರನ್ನೂ ಅನುಮಾನಿಸಿದೆ. ಅವರು ಏಳು ಎಂದರು, ನಾನೂ ಏಳೇ ಎಣಿಸಿದೆ.

ಸಾವಂತ್ರಿ ನಡುನಡುವೆ ನನಗೆ ಚಹಾ ತಂದುಕೊಡುತ್ತಿದ್ದಳು. ಸೊಂಟದ ಮೇಲೆ ಸದಾ ಆ ಮನೆಯ ಕೂಸು. ಸೊರಗಿದ್ದಳು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೇಲಿನ ಓಣಿಯ ಹೆಣ್ಣುಮಕ್ಕಳೆಲ್ಲ ತೆಳ್ಳಗೆ ಬೆಳ್ಳಗೆ ಇರುತ್ತಾರಲ್ಲ, ಇವಳಿಗೂ ಇಲ್ಲಿನ ಮೈಕಟ್ಟು ಬಂತು ಎಂದು ಹಿಗ್ಗಿದೆ. "ಉಣ್ತೀಯಿಲ್ಲವಾ ಬರೋಬ್ಬರಿ?" ಎಂದರೆ "ಉಣ್ತೇನಿ ಯವ್ವಾ" ಎನ್ನುತ್ತಿದ್ದಳು. "ಮಲಗಾಕ ಜಾಗ?" ಎಂದರೆ "ಮೆಟ್ಟಲಾ ಬುಡಕ ಐತಿ, ಬೆಚ್ಚಗ ಐತಿ" ಎನ್ನುತ್ತಿದ್ದಳು. ನನಗೆ ಅಷ್ಟು ಸಾಕಾಯಿತು. ಕೆಳಗೆ ನನ್ನ ಮನೆಗೆ ಬಂದು ಬಾಗಿಲು ತಳ್ಳಿದರೆ ಅದು ಬೆಣ್ಣೆಯಂತೆ ತೆರೆದುಕೊಳ್ಳುತ್ತಿತ್ತು. ಓಣಿಯಲ್ಲಿ ಹೀಗೆ ತೆರೆಯುವ ಬಾಗಿಲು ನನ್ನದೊಂದೇ. ಇಬ್ಬರೂ ಗಟ್ಟಿ ಇದ್ದೇವೆ ಎಂದು ಬೀಗುತ್ತಿದ್ದೆ. ಆ ಬಾಗಿಲ ಹಿಂದೆ ನಾನೊಬ್ಬಳೇ ಮಲಗುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ.

ಹೀಗೆ ವಾರವಾರವೂ ಹೆರೆಯುತ್ತಾ ಒಂಬತ್ತು ತಿಂಗಳಾಗುವ ಹೊತ್ತಿಗೆ ಕಿರಿಮಗನಿಗೆ ದೂರದ ಊರಿನ ಸಂಬಂಧ ಕೂಡಿಬಂತು. ಆ ಶುಕ್ರವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಪ್ರಮೀಳಕ್ಕ ನನ್ನನ್ನು ಕರೆದು ಒಳಗೆ ಕೂರಿಸಿದಳು, ಅದೂ ಮಣೆಯ ಮೇಲೆ. ಮಣೆ ಕಂಡ ಕೂಡಲೇ ನನಗೆ ದಿಗಿಲಾಯಿತು.

"ಕಾಳವ್ವಾ, ಶುಕ್ರವಾರ ಬಾಗ್ಲ ಒಂದ್ ಬೆರಳಿಗೆ ತೆಗೀಬೇಕು ನೋಡು. ನಾವು ಎರಡು ದಿನ ಹುಡಿಗಿ ಊರಿಗೆ ಹೊಂಟೇವಿ, ಅವರನ್ನ ಕರಕೊಂಡೇ ಬರ್ತೇವಿ. ನೀ ಗುರುವಾರ ಬಂದು ಕೆಲಸ ಮುಗಿಸು. ಏನರ ಹೆಚ್ಚುಕಡಿಮಿ ಆತಂದ್ರ, ನಾ ಆಳ ಮಂದಿನ್ನೆಲ್ಲ ಬದಲಿ ಮಾಡ್ತೇನಿ. ನಿನ್ನ ಮಗಳಿಂದನ ಸುರು."

"ಹೆಚ್ಚುಕಡಿಮಿ ಆಗೂದಿಲ್ರಿ ಅಕ್ಕಾರ" ಎಂದೆ. ಮಗಳು ಮೇಲೆಯೇ ಉಳಿಯಬೇಕಲ್ಲ, ಅದಕ್ಕಾಗಿ ನಾನು ಗುಡ್ಡವನ್ನೇ ಹೆರೆದೇನು ಎಂಬ ಹುಮ್ಮಸ್ಸಿತ್ತು.

ಗುರುವಾರ ಬೆಳಿಗ್ಗೆ ಹೋದೆ. ಏಳು ಜನರೂ ಎರಡು ಗಾಡಿಗಳಲ್ಲಿ ಹೋಗಿ ಎರಡು ರಾತ್ರಿ ಕಳೆದಿತ್ತು. ಸುಮನಾ ಇಲ್ಲ, ಅಂದಮೇಲೆ ಬಾಗಿಲು ಕುಗ್ಗಿರುತ್ತದೆ, ಸುಮ್ಮನೆ ಎಣ್ಣೆ ಸವರಿ ಬರಬಹುದು ಎಂದು ಎರಡು ಬೆರಳಿಂದ ದೂಡಿದೆ. ಅಲುಗಲಿಲ್ಲ. ಅಂಗೈಯಿಂದ ದೂಡಿದೆ, ಭುಜ ಕೊಟ್ಟೆ. ಈ ಒಂಬತ್ತು ತಿಂಗಳಲ್ಲಿ ಎಂದೂ ಅಷ್ಟು ಬಿಗಿಯಾಗಿರಲಿಲ್ಲ.

"ಯವ್ವಾ, ನೀ ದೂಡು, ನಾ ಒಳಗಿಂದ ಎಳೀತೇನಿ" ಎಂದು ಸಾವಂತ್ರಿಯ ದನಿ ಕೇಳಿತು. ಆಮೇಲೆ ಕೆಮ್ಮು. ಒಣಕೆಮ್ಮಲ್ಲ. ಹನ್ನೆರಡು ವರ್ಷದ ಹಿಂದೆ ನನ್ನ ಮನೆಯ ಮೂಲೆಯಲ್ಲಿ ಕೇಳಿದ್ದ ಕೆಮ್ಮು, ಅದೇ ಲಯ, ಕೊನೆಯಲ್ಲಿ ಅದೇ ನಿಟ್ಟುಸಿರು.

ಎಂಟು, ಎಂದು ನನ್ನ ಬಾಯಿಂದ ತಾನಾಗಿ ಬಂತು. ಈ ಮನೆಯಲ್ಲಿ ಮಲಗುವವರು ಎಂಟು ಜನ. ಅವರು ಅವಳನ್ನು ಎಣಿಸದಿದ್ದರೆ ಅವರ ಗುಣ ಅಂಥದ್ದು. ಹೆತ್ತವಳು ನಾನೂ ಎಣಿಸಿರಲಿಲ್ಲ.

ಹಿತ್ತಲಿನಿಂದ ಒಳಗೆ ನುಗ್ಗಿ ಮೊದಲು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಕಿಟಕಿ ಇಲ್ಲ. ಗೋಡೆಯ ಆಚೆಗೆ ಹಂಡೆಯ ಒಲೆ. ಅದರ ಹೊಗೆಯೆಲ್ಲ ಬಿರುಕಿನಿಂದ ಇಲ್ಲಿಗೇ ಬರುತ್ತಿತ್ತು. ಕೆಳಗೆ ನೆಲ ಒದ್ದೆ. ಬೆಚ್ಚಗಿದೆ ಎಂದಿದ್ದಳಲ್ಲ, ಬೆಚ್ಚಗೇನೋ ಇತ್ತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಟ್ಟೆ ಅಲ್ಲೇ ಗೋಡೆಗೆ ಒರಗಿತ್ತು. ಮೇಲಿನ ಓಣಿಯ ಆಯುಷ್ಯ ಎಂದು ನಾನು ಅಂದುಕೊಂಡದ್ದು ಮಹಡಿಯ ಮೇಲಿತ್ತು. ನನ್ನ ಮಗಳ ಪಾಲಿಗೆ ಬಂದದ್ದು ಮೆಟ್ಟಿಲ ಬುಡ.

"ಎಷ್ಟ ದಿನಾ ಆತ?" ಎಂದೆ.

"ನೀ ಹೆರೀತಿದ್ದಿಯಲ್ಲ" ಎಂದು ಅವಳು ನೆಲ ನೋಡುತ್ತಾ ಹೇಳಿದಳು. "ನೀ ಎಷ್ಟ ದಿನಾ ಹೆರದಿ, ಅಷ್ಟ ದಿನಾ ಆತು."

"ನನಗ ಯಾಕ ಹೇಳಲಿಲ್ಲ ಸಾವಂತ್ರಿ?"

"ಹೇಳಿದ್ರ ಕೆಳಗ ಕರಕೊಂಡು ಹೋಗ್ತಿದ್ದಿ. ಮ್ಯಾಲ ಇದ್ರ ಬಾಳ ವರ್ಸ ಬದುಕ್ತಿ ಅಂತ ಅಂದಾಕಿ ನೀನ." ಅವಳು ನನ್ನ ತೋಪಡವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಇದೊಂದ್ ಸಲ ಹೆರಿ ಯವ್ವಾ. ನಾಳಿ ಅವರು ಬಂದು ಹೋಗ್ಲಿ. ನನ್ನ ಕೆಲಸಾ ಉಳೀಲಿ."

ನಾನು ತೋಪಡ ಇಟ್ಟು ಒಂದು ಸಲ ಎಳೆದೆ. ತೆಳುವಾದ ಸುರುಳಿಯೊಂದು ಎದ್ದು ಕಾಲ ಬಳಿ ಬಿತ್ತು. ಒಂಬತ್ತು ತಿಂಗಳು ಇಂಥ ಸುರುಳಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನನ್ನ ಒಲೆಗೆ ಹಾಕಿ ರೊಟ್ಟಿ ಸುಟ್ಟಿದ್ದೆ. ನನ್ನ ಮಗಳ ಕೆಮ್ಮನ್ನು ನನ್ನ ಕೈಯಿಂದಲೇ ಹೆರೆದು, ನುಣುಪು ಮಾಡಿ, ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದೆ. ಅಲ್ಲೇ ಕೂತು ಅತ್ತೆ. ಆಮೇಲೆ ತೋಪಡವನ್ನು ಚೀಲಕ್ಕೆ ಹಾಕಿದೆ.

"ನಡಿ" ಎಂದೆ.

ನೂರಾ ಹನ್ನೆರಡು ಮೆಟ್ಟಿಲುಗಳನ್ನು ಹಗಲು ಬೆಳಕಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಇಳಿದೆವು. ಹತ್ತಕ್ಕೊಮ್ಮೆ ಅವಳು ಕೂತಳು. ನಡುವೆ ದವಾಖಾನೆ ಸಿಕ್ಕಿದಾಗ ಒಳಗೆ ನಡೆಸಿದೆ. ರಾಹೇಲಬಾಯಿ ನಮ್ಮನ್ನು ನೋಡಿ ಎದ್ದು ನಿಂತ ರಭಸಕ್ಕೆ ಕುರ್ಚಿ ಮಗುಚಿತು.

"ಎಂಟು ತಿಂಗಳಾತು ಬೇ, ಈ ಹೊಸ್ತಲಾ ಒಬ್ಬರೂ ದಾಟಿಲ್ಲ. ಜಡ್ಡಿನ ಮಂದಿ ಎಲ್ಲಿ ಹೋದ್ರು ಅಂತ ನನಗ ಹುಚ್ಚ ಹಿಡದಿತ್ತು." ಸಾವಂತ್ರಿಯ ಬೆನ್ನಿಗೆ ಕಿವಿಗೊಳವೆ ಇಟ್ಟು ಕೇಳಿ, ಕಫ ಹಿಡಿದು ನೋಡಿ, ಗುಳಿಗೆಗಳನ್ನು ಕೊಟ್ಟಳು. "ಆರು ತಿಂಗಳಾ ಒಂದ್ ದಿನಾನೂ ತಪ್ಪಸಬಾರ್ದು. ತತ್ತಿ ತಿನ್ನಸು, ಹಾಲ ಕುಡಸು, ಗಾಳಿ ಬೆಳಕ ಇದ್ದಲ್ಲಿ ಮಲಗಸು. ಬದುಕ್ತಾಳ. ತಡಾ ಆಗೈತಿ, ಆದ್ರ ಬದುಕ್ತಾಳ."

ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಗುಳಿಗೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ.

ನನ್ನ ಬಾಗಿಲು ಮರುದಿನವೇ ಬಿಗಿಯಾಯಿತು. ಗುಮಾಸ್ತ ಬಂದು ದೂಡಿ, ಕುಂಚ ಹಿಡಿದು ಮುಖ ನೋಡಿದ. "ಕಾಳವ್ವಾ, ಬಡಿಗ್ಯಾರ ಮನಿಗೂ ಗೀಟಾ? ಒಂದ್ ತಾಸು ಬಿಟ್ಟು ಬರ್ತೇನಿ, ಹೆರದ ಬಿಡು" ಎಂದ. ಒಳ್ಳೆಯ ಮನುಷ್ಯನೇ. "ಎಳೀರಿ, ದಪ್ಪಗ ಎಳೀರಿ" ಎಂದೆ. ಗೀಟಿನ ದೆಸೆಯಿಂದ ಮೇಲಿನಿಂದ ಒಂದು ಕರೆಯೂ ಬರಲಿಲ್ಲ. ಮಂಚದ ಕಾಲು, ಕುಂಟೆಯ ಹಿಡಿಕೆ ಎಂದು ಅಕ್ಕಪಕ್ಕದ ಹಳ್ಳಿಗಳಿಗೆ ಹೋಗಿ ದುಡಿದು ತತ್ತಿ ತಂದೆ. ಆದರೆ ಗೋಣಿತಟ್ಟಿನ ಹಿಂದಿನಿಂದ ಒಬ್ಬೊಬ್ಬರೇ ಬಂದು ಪಿಸುದನಿಯಲ್ಲಿ ಕೇಳತೊಡಗಿದರು, "ದವಾಖಾನ್ಯಾಗ ಬೈತಾರೇನ? ಹೆಸರ ಕೇಳ್ತಾರೇನ?" ಆ ತಿಂಗಳು ರಾಹೇಲಬಾಯಿ ನೊಣ ಹೊಡೆಯಲಿಲ್ಲ.

ಮೇಲೆ ಆದದ್ದನ್ನು ಸುಮನಾಳೇ ದಾರಿಯಲ್ಲಿ ಸಿಕ್ಕಾಗ ಹೇಳಿದಳು. ಸಾವಂತ್ರಿ ಮನೆ ಬಿಟ್ಟದ್ದೇ ತಡ, ಬಾಗಿಲು ಸರ್ರನೆ ಕುಗ್ಗಿತು. ಒಂಬತ್ತು ತಿಂಗಳು ಹೆರೆಸಿಕೊಂಡ ಬಾಗಿಲಿನ ಉಬ್ಬು ಇಳಿದರೆ ಇನ್ನೇನಾಗುತ್ತದೆ? ಚೌಕಟ್ಟಿಗೂ ಬಾಗಿಲಿಗೂ ನಡುವೆ ಮೂರು ಬೆರಳಿನಷ್ಟು ಸಂದು ಬಿತ್ತು. ಶುಕ್ರವಾರ ಬಂದ ಹೆಣ್ಣಿನ ಕಡೆಯ ಹಿರಿಯರು ಬಾಗಿಲು ತಳ್ಳಲೇ ಇಲ್ಲವಂತೆ. ಸಂದಿನಲ್ಲಿ ಬೆರಳು ಇಟ್ಟು ಅಳೆದು, "ಇಷ್ಟ ಜಡ್ಡು ಯಾರದ್ರೀ?" ಎಂದು ಕೇಳಿ, ಚಹಾ ಕುಡಿಯದೆ ಎದ್ದು ಹೋದರಂತೆ. ಸೊಸೆಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಅವಳು ಬಾಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದದ್ದು ಹಲ್ಲುನೋವಿಗಂತೆ.

ಮೂರನೇ ತಿಂಗಳಿಗೆ ನನ್ನ ಬಾಗಿಲು ತುಸು ಸಡಿಲವಾಯಿತು. ಸಡಿಲವಾಗುವುದಕ್ಕೆ ಎರಡು ಕಾರಣ ಇರುತ್ತವಲ್ಲ, ನೀರು ತಂದು ಬಾಗಿಲು ತಳ್ಳಿದಾಗ ಅದು ಸುಲಭವಾಗಿ ತೆರೆದದ್ದಕ್ಕೆ ಕೊಡ ಕೈಯಿಂದ ಜಾರಿತು. ಓಡಿಹೋಗಿ ನೋಡಿದರೆ ಸಾವಂತ್ರಿ ಕಿಟಕಿಯ ಬಳಿ ಕೂತು ತತ್ತಿಯ ಸಿಪ್ಪೆ ಸುಲಿಯುತ್ತಿದ್ದಳು. "ಕೊಡಾ ಯಾಕ ಒಗದಿ?" ಎಂದಳು. ಅವಳ ತಲೆ ನೇವರಿಸಿದೆ, ಬೈಯುತ್ತಲೇ ನೇವರಿಸಿದೆ.

ಅದೇ ವಾರ ಸಂತೆಯಲ್ಲಿ ಪ್ರಮೀಳಕ್ಕ ಎದುರಾದಳು. ನನ್ನನ್ನು ನೋಡದವಳಂತೆ ದಾಟಿ ಹೋಗಬಹುದಿತ್ತು, ಆದರೆ ಹೊಟ್ಟೆಯೊಳಗಿನ ಮಾತು ತಡೆಯಲಿಲ್ಲ.

"ನೀ ಬರದಿದ್ರ ನಮ್ಮ ಬಾಗ್ಲ ಹಂಗ ಉಳೀತೈತಿ ಅಂತ ತಿಳದಿದ್ದಿ ಏನ ಕಾಳವ್ವಾ? ಯಾರೂ ಮುಟ್ಟಿಲ್ಲ, ಯಾರೂ ರಿಪೇರಿ ಮಾಡಿಲ್ಲ. ತಾನ ಸರಿ ಆತು. ಒಂದ್ ಎಳ್ಳ ಕಾಳಿನಷ್ಟೂ ಸಂದಿಲ್ಲ. ಡಬ್ಬಿ ಮುಚ್ಚಿದಂಗ ಮುಚ್ಚತೈತಿ. ದೇವ್ರು ದೊಡ್ಡಾಂವ."

ನನ್ನ ಕೈಯಲ್ಲಿದ್ದ ಬದನೆಕಾಯಿ ಕೈಯಲ್ಲೇ ಉಳಿಯಿತು. "ಅಕ್ಕಾರ" ಎಂದೆ, "ಮೆಟ್ಟಲಾ ಬುಡಕ ಈಗ ಯಾರ ಮಲಗ್ತಾರ?"

"ಯಾರರ ಮಲಗ್ಲಿ. ಹೊಸಾ ಹುಡಿಗಿ, ರೇಣವ್ವ ಅಂತ. ಅದು ನಿನಗ್ಯಾಕ?"

"ಆಕಿ ಬಂದು ಎಷ್ಟ ದಿನಾ ಆತ್ರಿ?"

"ಎರಡ ತಿಂಗಳಾ ಆಗಿರಬೇಕು."

ನನ್ನ ತಲೆಯೊಳಗಿನ ಹುಳ ಮತ್ತೆ ಎದ್ದಿತು. ಸಾವಂತ್ರಿಯ ಕೆಮ್ಮು ಬಾಗಿಲನ್ನು ಮೂರು ಬೆರಳು ಉಬ್ಬಿಸಲು ಒಂಬತ್ತು ತಿಂಗಳು ಹಿಡಿದಿತ್ತು. ಎರಡು ತಿಂಗಳಲ್ಲಿ ಮೂರು ಬೆರಳು ಎಂದರೆ ಒಬ್ಬಳ ಕೆಲಸವಲ್ಲ. ಒಂಬತ್ತು ತಿಂಗಳು ಸಾವಂತ್ರಿಯ ಸೊಂಟದ ಮೇಲೆ, ಅವಳ ಉಸಿರಿಗೆ ಉಸಿರು ಕೊಟ್ಟು ಇದ್ದದ್ದು ಯಾರು ಎಂದು ನೆನಪಾಯಿತು.

ಸಂತೆಯ ಚೀಲ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ತೋಪಡ ತಂದಿರಲಿಲ್ಲ. ಪ್ರಮೀಳಕ್ಕ "ಏ, ಎಲ್ಲಿ ಹೊಂಟಿ? ನಿಲ್ಲ" ಎನ್ನುತ್ತಾ ಏದುಸಿರು ಬಿಡುತ್ತಾ ಹಿಂದೆ ಬಂದಳು. ಗಿರಣಿಯವರ ಬಾಗಿಲನ್ನು ನಾನು ನೋಡಲೂ ಇಲ್ಲ. ನೇರವಾಗಿ ಮೆಟ್ಟಿಲ ಬುಡಕ್ಕೆ ಹೋಗಿ ಬಗ್ಗಿದೆ. ಹದಿನಾರೋ ಹದಿನೇಳೋ, ಸಣ್ಣ ಮುಖದ ಹುಡುಗಿಯೊಂದು ಮೊಣಕಾಲಿಗೆ ಗಲ್ಲ ಊರಿ ಕೂತಿತ್ತು. ನನ್ನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಿತು. ಕೆಮ್ಮು ಸೆರಗಿಗೆ ನಿಲ್ಲಲಿಲ್ಲ.

"ಹೊರಗ ಬಾ ರೇಣವ್ವಾ. ಯಾರೂ ಬೈಯೂದಿಲ್ಲ" ಎಂದೆ.

ಪ್ರಮೀಳಕ್ಕ ಬಾಯಿ ತೆರೆದಳು. ಅವಳ ಮಾತು ಹೊರಬರುವ ಮೊದಲೇ ಮಹಡಿಯಿಂದ ಇನ್ನೊಂದು ಕೆಮ್ಮು ಇಳಿದು ಬಂತು. ಚಿಕ್ಕದು, ತೊಟ್ಟಿಲಿನಷ್ಟು ಎತ್ತರದಿಂದ ಬಂದದ್ದು. ಕೊನೆಯಲ್ಲಿ ಅದೇ ನಿಟ್ಟುಸಿರು.

"ಹಲ್ಲ ಬರಾಕತ್ಯಾವು ಅವಗ, ಅದಕ್ಕ" ಎಂದಳು ಪ್ರಮೀಳಕ್ಕ. ಆ ಮಾತಿಗೆ ಅವಳ ದನಿಯೇ ಸಾಕ್ಷಿ ಹೇಳುವಂತಿರಲಿಲ್ಲ.

"ಮರ ಹಳೇದಾತು ಅಂದಿದ್ರಿ ಅವತ್ತು" ಎಂದೆ. "ಅಕ್ಕಾರ, ದವಾಖಾನಿ ತಗದೈತಿ. ಕೂಸಿನ್ನ ಎತ್ತಿಕೋರ್ರಿ."

"ಹಿತ್ತಲದಿಂದ ಡಾಕ್ಟರನ್ನ ಕರಸ್ತೇನಿ."

"ಕರಸ್ರಿ. ಅಂವ ಏಳ ಮಂದಿನ್ನ ನೋಡ್ತಾನ. ಜಡ್ಡು ಎಂಟನೇದಾಕಿ ಕಡಿಂದ ಬಂದೈತಿ. ಇಬ್ಬರಿಗೂ ಕೂಡಿ ಔಷಧ ಆಗಲಿಲ್ಲಂದ್ರ ಒಬ್ಬರಿಗೂ ಆಗೂದಿಲ್ಲ."

"ಮಂದಿ ನೋಡ್ತಾರ ಕಾಳವ್ವಾ" ಎಂದು ಅವಳು ಪಿಸುಗುಟ್ಟಿದಳು. ನಮ್ಮ ಓಣಿಯ ಗೋಣಿತಟ್ಟುಗಳ ಹಿಂದೆ ನಾನು ಕೇಳಿದ್ದ ಪಿಸುಮಾತೇ ಅದು. ಅವಳ ಬಾಯಲ್ಲಿ ಕೇಳಿ ನನಗೆ ಮೊದಲ ಸಲ ಅವಳ ಮೇಲೆ ಕನಿಕರ ಬಂತು.

ರೇಣವ್ವನ ರಟ್ಟೆ ಹಿಡಿದು ಹೊರಗೆ ನಡೆಸಿದೆ. ಹತ್ತು ಮೆಟ್ಟಿಲು ಇಳಿದು ಅವಳನ್ನು ಕೂರಿಸಿ, ತಿರುಗಿ ನೋಡಿದೆ. ಗಿರಣಿಯವರ ಬಾಗಿಲು ಹಾರು ಹೊಡೆದಿತ್ತು. ಪ್ರಮೀಳಕ್ಕ ಕೂಸನ್ನು ಎದೆಗೆ ಅವಚಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದಳು. ಆಮೇಲೆ ಒಂದು ಕಾಲು ಹೊರಗಿಟ್ಟಳು. ಬರುತ್ತಾಳೆ ಎಂದು ನನಗೆ ನಂಬಿಕೆ ಬರಲಿಲ್ಲ. ಆದರೂ ಕಾಯುತ್ತಾ ನಿಂತೆ.